ಐಕಾನ್ ಒತ್ತಿದರೆ ಸದ್ದೇ ಇಲ್ಲ: ಲಿನಕ್ಸ್‌ನಲ್ಲಿ ಆಪ್ ತೆರೆಯದೆ ಕೂತಾಗ ನಾನು ಮಾಡಿದ್ದು

ಒಂದು ಭಾನುವಾರ ಊಟ ಮುಗಿಸಿ ಲ್ಯಾಪ್‌ಟಾಪನ್ನು ಉಬುಂಟು ಲಿನಕ್ಸ್ 22.04ರಿಂದ 24.04ಕ್ಕೆ ಏರಿಸಿದೆ. ಎಲ್ಲಾ ಸಲೀಸಾಗಿ ಮುಗಿಯಿತು. ಸೋಮವಾರ ಬೆಳಗ್ಗೆ ನೋಟ್ಸ್ ಬರೆಯುವ ಆಪ್‌ನ ಐಕಾನ್ ಒತ್ತಿದೆ. ಕರ್ಸರ್ ಎರಡು ಸುತ್ತು ತಿರುಗಿ ನಿಂತಿತು. ಅಷ್ಟೇ. ವಿಂಡೋ ಬರಲಿಲ್ಲ, ಎರರ್ ಕೂಡ ಬರಲಿಲ್ಲ. ಇನ್ನೊಮ್ಮೆ ಸ್ವಲ್ಪ ಜೋರಾಗಿ ಒತ್ತಿದೆ, ಮೌಸ್‌ಗೆ ಅದೆಲ್ಲ ಗೊತ್ತಾಗಲ್ಲ ಅಂತ ಗೊತ್ತಿದ್ದರೂ. ಮೂರು ವರ್ಷದ ಟಿಪ್ಪಣಿಗಳೆಲ್ಲ ಅದರೊಳಗಿವೆ, ಹತ್ತು ಗಂಟೆಗೆ ಮೀಟಿಂಗ್ ಬೇರೆ.

ಇಂಥ ಹೊತ್ತಿನಲ್ಲಿ ತೆಗೆದುಹಾಕಿ ಮತ್ತೆ ಇನ್‌ಸ್ಟಾಲ್ ಮಾಡೋಣ ಅನ್ನಿಸುತ್ತೆ. ನಾನೂ ಮಾಡಿದೆ, ಏನೂ ಬದಲಾಗಲಿಲ್ಲ, ಇಪ್ಪತ್ತು ನಿಮಿಷ ಹೋಯಿತು. ಮಾಡಬೇಕಾದ ಮೊದಲ ಕೆಲಸ ಅದೇ ಆಪನ್ನು ಟರ್ಮಿನಲ್‌ನಿಂದ (ಆಜ್ಞೆ ಟೈಪ್ ಮಾಡೋ ವಿಂಡೋ) ಓಡಿಸೋದು. ಐಕಾನ್ ಒತ್ತಿದಾಗ ಆಪ್ ಏನು ಗೊಣಗುತ್ತೋ ಅದು ನಮ್ಮ ಕಣ್ಣಿಗೆ ಬೀಳಲ್ಲ, ಟರ್ಮಿನಲ್‌ನಲ್ಲಿ ಎಲ್ಲಾ ಕಾಣಿಸುತ್ತೆ.

ನನ್ನದು ಆಪ್‌ಇಮೇಜ್ ಫೈಲು (ಇಡೀ ಆಪ್ ಒಂದೇ ಫೈಲಿನೊಳಗೆ), ಒಳಗಿರೋದು ಎಲೆಕ್ಟ್ರಾನ್, ಅಂದರೆ ಹೆಚ್ಚುಕಡಿಮೆ ಒಂದು ಕ್ರೋಮಿಯಮ್ ಬ್ರೌಸರ್. ಟರ್ಮಿನಲ್‌ನಲ್ಲಿ ಬಂದ ಮಾತಿನ ಸಾರ ಇಷ್ಟು: ಕ್ರೋಮ್-ಸ್ಯಾಂಡ್‌ಬಾಕ್ಸ್ ಅನ್ನೋ ಫೈಲು ಸಿಕ್ಕಿದೆ ಆದರೆ ಸರಿಯಾಗಿಲ್ಲ, ಅದು ರೂಟ್ (ಮಷೀನಿನ ಸರ್ವಾಧಿಕಾರಿ ಖಾತೆ) ಹೆಸರಲ್ಲಿರಬೇಕು, ಮೋಡ್ 4755 (ಯಾರು ಓಡಿಸಿದರೂ ರೂಟ್ ಅಧಿಕಾರದಲ್ಲೇ ಓಡೋ ಅನುಮತಿ, ಇದಕ್ಕೇ ಸೆಟ್‌ಯುಐಡಿ ಅನ್ನೋದು) ಇರಬೇಕು, ಸ್ಯಾಂಡ್‌ಬಾಕ್ಸ್ (ಆಪ್ ಹೊರಗೆ ಕೈಚಾಚದಂತೆ ಹಾಕೋ ಬೇಲಿ) ಇಲ್ಲದೆ ಓಡೋ ಬದಲು ನಾನು ಇಲ್ಲೇ ನಿಲ್ತೀನಿ. ಆ ಫೈಲಿನ ದಾರಿ ನೋಡಿದರೆ ಟೆಂಪ್ ಫೋಲ್ಡರಿನೊಳಗೆ ಬಾಯಿಗೆ ಬಾರದ ಹೆಸರಿನ ಮೌಂಟು, ಅಂದರೆ ಆಪ್‌ಇಮೇಜ್ ಆ ಹೊತ್ತಿಗೆ ಫೋಲ್ಡರಿನಂತೆ ತೆರೆದುಕೊಂಡ ಜಾಗ. ಪ್ರತಿ ಸಲವೂ ಹೊಸ ಹೆಸರು. ಇಲ್ಲಿ ಮೋಡ್ ಬದಲಿಸೋದು ಹೇಗೆ? ಆಗಲ್ಲ. ಆಪ್‌ಇಮೇಜ್ ಫ್ಯೂಸ್ (ರೂಟ್ ಇಲ್ಲದೆಯೂ ಹಾಗೆ ತೆರೆಯೋಕೆ ಬಿಡೋ ಸೌಲಭ್ಯ) ಮೂಲಕ ಮೌಂಟ್ ಆಗುತ್ತೆ, ಓದೋಕೆ ಮಾತ್ರ, ಮೇಲೆ ಸೆಟ್‌ಯುಐಡಿ ಅಲ್ಲಿ ನಡೆಯೋದೇ ಇಲ್ಲ.

ಮೀಟಿಂಗ್ ಇತ್ತಲ್ಲ, ಆಪ್‌ನ ಹೆಸರಾದ ಮೇಲೆ ನೋ-ಸ್ಯಾಂಡ್‌ಬಾಕ್ಸ್ ಅಂತ ಸೇರಿಸಿ ಓಡಿಸಿದೆ. ತಕ್ಷಣ ತೆರೆಯಿತು. ಎರಡು ದಿನ ಹಾಗೇ ನಡೆಸಿದೆ ಕೂಡ. ಆದರೆ ಆ ಆಪ್‌ನಲ್ಲಿ ಯಾರು ಯಾರೋ ಬರೆದ ಪ್ಲಗಿನ್‌ಗಳಿವೆ, ವೆಬ್ ಪುಟಗಳನ್ನು ಹಾಗೇ ತಂದು ಅಂಟಿಸಿರ್ತೀನಿ. ಅದಕ್ಕೆ ಬೇಲಿ ತೆಗೆದು ಬಿಟ್ಟಿದ್ದೀನಿ ಅನ್ನೋದು ತಲೆಯೊಳಗೆ ಕೊರೆಯುತ್ತಲೇ ಇತ್ತು.

ಬುಧವಾರ ರಾತ್ರಿ ಸರಿಯಾಗಿ ಕೂತೆ. ಕ್ರೋಮಿಯಮ್‌ಗೆ ಸ್ಯಾಂಡ್‌ಬಾಕ್ಸ್ ಕಟ್ಟೋಕೆ ಎರಡು ದಾರಿ ಇವೆ. ಹೊಸದು ಯೂಸರ್ ನೇಮ್‌ಸ್ಪೇಸ್: ರೂಟ್ ಅಧಿಕಾರ ಇಲ್ಲದ ಪ್ರೋಗ್ರಾಮ್ ಕೂಡ ತನಗೊಂದು ಬೇರೆ ಲೋಕ ಮಾಡಿಕೊಂಡು ಅದರೊಳಗೆ ತಾನೇ ರೂಟ್ ಆಗೋದು. ಹಳೆಯದು ಮೇಲೆ ಹೇಳಿದ 4755 ಫೈಲು. 22.04ರಲ್ಲಿ ಮೊದಲ ದಾರಿ ತೆರೆದಿತ್ತು, ಹಾಗಾಗಿ ಎರಡನೆಯದರ ನೆನಪೇ ಬಂದಿರಲಿಲ್ಲ. 24.04ರಲ್ಲಿ ಆಪ್‌ಆರ್ಮರ್ (ಯಾವ ಪ್ರೋಗ್ರಾಮ್ ಏನು ಮಾಡಬಹುದು ಅಂತ ಪ್ರೊಫೈಲ್ ಅನ್ನೋ ನಿಯಮಗಳ ಮೂಲಕ ಕಾಯೋ ಭದ್ರತಾ ವ್ಯವಸ್ಥೆ) ಆ ಮೊದಲ ದಾರಿಗೆ ಕಾವಲು ಹಾಕಿದೆ. ಇದು ತಪ್ಪಲ್ಲ, ಬೇಕಂತಲೇ ಮಾಡಿದ್ದು. ಈ ನೇಮ್‌ಸ್ಪೇಸ್ ಮೂಲಕವೇ ಕರ್ನಲ್‌ನ (ಲಿನಕ್ಸ್‌ನ ತಿರುಳು) ಎಷ್ಟೋ ದೋಷಗಳನ್ನು ಬಳಸಿಕೊಂಡು ನಿಜವಾದ ರೂಟ್ ಆಗಿರೋದು ಉಂಟು.

ಇದೇ ಕಾರಣವಾ ಅಂತ ಖಾತ್ರಿ ಮಾಡಿಕೊಳ್ಳೋಕೆ ಕರ್ನಲ್ ಲಾಗ್ ನೋಡಬೇಕು. ಜರ್ನಲ್‌ಸಿಟಿಎಲ್‌ಗೆ ಕೆ ಆಯ್ಕೆ ಕೊಟ್ಟು ಅದರಲ್ಲಿ ಆಪ್‌ಆರ್ಮರ್ ಅಂತ ಹುಡುಕಿದೆ. ಎರಡು ಸಾಲು ಒಂದರ ಹಿಂದೊಂದು ಸಿಕ್ಕವು. ಮೊದಲನೆಯದು, ಈ ಪ್ರೋಗ್ರಾಮ್ ನೇಮ್‌ಸ್ಪೇಸ್ ಕೇಳಿತು, ಇದನ್ನು ಅನ್‌ಪ್ರಿವಿಲೆಜ್ಡ್ ಯೂಸರ್‌ಎನ್‌ಎಸ್ ಅನ್ನೋ ಪ್ರೊಫೈಲಿಗೆ ದಾಟಿಸಿದ್ದೀನಿ ಅಂತ. ಎರಡನೆಯದು, ಅದು ಸಿಸ್ ಅಡ್ಮಿನ್ ಅನ್ನೋ, ರೂಟ್‌ಗಿರೋ ಒಂದು ಅಧಿಕಾರ ಕೇಳಿತು, ಕೊಟ್ಟಿಲ್ಲ ಅಂತ. ಅಂದರೆ ಒಳಗೆ ಬಿಟ್ಟುಕೊಂಡು ಕೈ ಕಟ್ಟಿಹಾಕೋದು.

ಸಿಸ್‌ಸಿಟಿಎಲ್‌ನಲ್ಲಿ (ಕರ್ನಲ್ ಸೆಟ್ಟಿಂಗ್ ಬದಲಿಸೋ ಆಜ್ಞೆ) ಈ ನಿರ್ಬಂಧವನ್ನೇ 1ರಿಂದ 0 ಮಾಡಿಬಿಡಿ ಅಂತ ತುಂಬಾ ಜನ ಹೇಳ್ತಾರೆ. ಪರೀಕ್ಷೆಗೆ ಒಂದು ನಿಮಿಷ ನಾನೂ ಮಾಡಿದೆ, ಆಪ್ ತೆರೆಯಿತು, ಮತ್ತೆ 1ಕ್ಕೆ ತಂದೆ. ಒಂದು ಆಪ್‌ಗೋಸ್ಕರ ಇಡೀ ಮಷೀನಿನ ಕಾವಲು ತೆಗೆಯೋದು ನನಗೆ ಸರಿ ಅನ್ನಿಸಲ್ಲ.

ಆ ಒಂದು ಆಪ್‌ಗೆ ಮಾತ್ರ ಪ್ರೊಫೈಲ್ ಬರೆದೆ. ಎಟ್ಸಿಯೊಳಗಿನ ಆಪ್‌ಆರ್ಮರ್ ಡಾಟ್ ಡಿ ಫೋಲ್ಡರಿನಲ್ಲಿ ಆರು ಸಾಲಿನ ಫೈಲು. ಅಲ್ಲೇ ಬ್ರೌಸರ್‌ಗಳಿಗೆ ಅಂತ ಸಿದ್ಧ ಪ್ರೊಫೈಲ್‌ಗಳಿವೆ, ಒಂದನ್ನು ಕಾಪಿ ಮಾಡಿ ಹೆಸರು, ದಾರಿ ಬದಲಿಸಿದರೆ ಸಾಕು. ಮುಖ್ಯವಾದದ್ದು ಎರಡೇ, ಫ್ಲ್ಯಾಗ್ಸ್‌ನಲ್ಲಿ ಅನ್‌ಕನ್‌ಫೈನ್ಡ್ (ಬೇರೆ ಕಟ್ಟುಪಾಡು ಬೇಡ), ಬ್ರೇಸಿನೊಳಗೆ ಯೂಸರ್‌ಎನ್‌ಎಸ್ (ಯೂಸರ್ ನೇಮ್‌ಸ್ಪೇಸ್ ಮಾಡಿಕೊಳ್ಳಲಿ) ಅಂತ ಒಂದು ಪದ. ಆ ಪದ ಮುಗಿದ ಮೇಲೆ ಕಾಮಾ ಇರಲೇಬೇಕು. ನಾನು ಮರೆತು ಲೋಡ್ ಮಾಡೋಕೆ ಹೋಗಿ, ಸಿಂಟ್ಯಾಕ್ಸ್ ಎರರ್ ಅಂತ ಅದು ಬೈದಿದ್ದನ್ನು ಹತ್ತು ನಿಮಿಷ ದಿಟ್ಟಿಸಿ ನೋಡಿದೆ. ಕಾಮಾ ಹಾಕಿ, ಆಪ್‌ಆರ್ಮರ್ ಪಾರ್ಸರ್‌ಗೆ ಆರ್ ಆಯ್ಕೆ ಕೊಟ್ಟು ಮತ್ತೆ ಲೋಡ್ ಮಾಡಿದೆ. ಐಕಾನ್ ಒತ್ತಿದರೆ ಆಪ್ ಬಂತು.

ಎರಡು ವಾರ ಅಷ್ಟೇ. ಹೊಸ ಆವೃತ್ತಿ ಇಳಿಸಿಕೊಂಡೆ, ಮತ್ತೆ ಅದೇ ಮೌನ. ಫೈಲಿನ ಹೆಸರಲ್ಲೇ ಆವೃತ್ತಿ ಸಂಖ್ಯೆ ಇತ್ತು, ಪ್ರೊಫೈಲ್‌ನಲ್ಲಿ ಹಳೆಯ ಹೆಸರು. ಸಂಖ್ಯೆಯ ಜಾಗದಲ್ಲಿ, ಏನಿದ್ದರೂ ಸರಿ ಅನ್ನೋ ಅರ್ಥದ ನಕ್ಷತ್ರ ಚಿಹ್ನೆ ಹಾಕಿದರೆ ಸರಿಹೋಗುತ್ತೆ, ಆದರೆ ಆಗ ಇನ್ನೊಂದು ವಿಷಯ ಹೊಳೆಯಿತು. ಪ್ರೊಫೈಲ್‌ನಲ್ಲಿ ಬರೆದ ಫೈಲಿನ ದಾರಿ ನನ್ನ ಹೋಮ್ ಫೋಲ್ಡರಿನದ್ದು. ನನ್ನ ಹೆಸರಲ್ಲಿ ಓಡೋ ಯಾವ ಪ್ರೋಗ್ರಾಮ್ ಬೇಕಾದರೂ ಅದೇ ಹೆಸರಿನ ಫೈಲು ಅಲ್ಲಿಟ್ಟು ಆ ರಿಯಾಯಿತಿ ಪಡೆಯಬಹುದು, ಅಲ್ವಾ? ಹಾಗಾಗಿ ಆಪ್‌ಇಮೇಜನ್ನೇ ಬಿಚ್ಚಿದೆ. ಅದಕ್ಕೆ ಆಪ್‌ಇಮೇಜ್-ಎಕ್ಸ್‌ಟ್ರಾಕ್ಟ್ ಅನ್ನೋ ಆಯ್ಕೆ ಅದರಲ್ಲೇ ಇದೆ, ಸ್ಕ್ವಾಶ್‌ಎಫ್‌ಎಸ್-ರೂಟ್ ಅಂತ ಫೋಲ್ಡರ್ ಕೊಡುತ್ತೆ. ಅದನ್ನು ಆಪ್ಟ್ ಫೋಲ್ಡರಿಗೆ (ಪ್ಯಾಕೇಜ್ ಹಾಕೋ ಎಪಿಟಿ ಅಲ್ಲ, ಓಪಿಟಿ) ಸಾಗಿಸಿ, ರೂಟ್ ಹೆಸರಿಗೆ ಮಾಡಿ, ಕ್ರೋಮ್-ಸ್ಯಾಂಡ್‌ಬಾಕ್ಸ್‌ಗೆ 4755 ಕೊಟ್ಟೆ. ಈಗ ಹಳೆಯ ದಾರಿಯಲ್ಲೇ ಸ್ಯಾಂಡ್‌ಬಾಕ್ಸ್ ನಡೆಯುತ್ತೆ, ಪ್ರೊಫೈಲ್ ಅಳಿಸಿಬಿಟ್ಟೆ. ಅಪ್‌ಡೇಟ್ ಬಂದಾಗಲೆಲ್ಲ ಇದನ್ನೇ ಕೈಯಾರೆ ಮಾಡಬೇಕು, ಅದೊಂದು ಕಿರಿಕಿರಿ ಇದೆ.

ಹೊಸದಾಗಿ ಇನ್‌ಸ್ಟಾಲ್ ಮಾಡಿದ ಮಷೀನಿನಲ್ಲಿ ಆಪ್‌ಇಮೇಜ್ ಇಷ್ಟು ದೂರವೂ ಬರದೆ, ಫ್ಯೂಸ್ ಇಲ್ಲ ಅಂತ ಮೊದಲೇ ನಿಲ್ಲಬಹುದು. 24.04ರಲ್ಲಿ ಲಿಬ್‌ಫ್ಯೂಸ್2ಟಿ64 ಹಾಕಿ. ಬರೀ ಫ್ಯೂಸ್ ಅಂತ ಹೆಸರಿರೋ ಪ್ಯಾಕೇಜನ್ನು ಹಾಕಲೇಬೇಡಿ, ಅದು ಫ್ಯೂಸ್3ನ್ನು ಕಿತ್ತುಹಾಕಿ ಡೆಸ್ಕ್‌ಟಾಪ್‌ನ ಭಾಗಗಳನ್ನೂ ಎಳೆದುಕೊಂಡು ಹೋಗಬಹುದು.

ಫ್ಲ್ಯಾಟ್‌ಪ್ಯಾಕ್‌ನ (ಆಪ್‌ಗಳನ್ನು ಸ್ಯಾಂಡ್‌ಬಾಕ್ಸಿನೊಳಗಿಟ್ಟು ಓಡಿಸೋ ಇನ್ನೊಂದು ಬಗೆಯ ಪ್ಯಾಕೇಜ್) ಕಥೆಗಳು ಬೇರೆ. ಒಂದರಲ್ಲಿ ತಪ್ಪು ಪೂರ್ತಿ ನನ್ನದೇ. ಭದ್ರತೆ ಜಾಸ್ತಿ ಮಾಡ್ತೀನಿ ಅಂತ ಫ್ಲ್ಯಾಟ್‌ಸೀಲ್ (ಅವುಗಳ ಅನುಮತಿ ಬದಲಿಸೋ ಆಪ್) ತೆರೆದು ಸಿಕ್ಕಸಿಕ್ಕ ಅನುಮತಿ ತೆಗೆದಿದ್ದೆ, ಎಕ್ಸ್11 ಸಾಕೆಟ್ (ಪರದೆ ಮೇಲೆ ವಿಂಡೋ ತೋರಿಸೋ ಹಳೆಯ ವ್ಯವಸ್ಥೆಯ ಸಂಪರ್ಕ) ಸೇರಿ. ತಿಂಗಳಾದ ಮೇಲೆ ಒಂದು ಆಪ್ ತೆರೆದರೆ ಬರಲಿಲ್ಲ. ಫ್ಲ್ಯಾಟ್‌ಪ್ಯಾಕ್ ರನ್ ಅಂತ ಆಪ್ ಐಡಿ ಕೊಟ್ಟು ಓಡಿಸಿದರೆ, ಎಕ್ಸ್ ಸರ್ವರ್ ಇಲ್ಲ ಅಂತ ಒಂದು ಸಾಲು. ಅದರ ಬದಲಿಗೆ ಬಂದ ಹೊಸ ವೇಲ್ಯಾಂಡ್ ಇದೆಯಲ್ಲ ಅಂದುಕೊಂಡಿದ್ದೆ, ಆ ಆಪ್‌ಗೆ ವೇಲ್ಯಾಂಡ್ ಬರ್ತಾನೇ ಇರಲಿಲ್ಲ. ಫ್ಲ್ಯಾಟ್‌ಪ್ಯಾಕ್ ಓವರ್‌ರೈಡ್‌ಗೆ ಯೂಸರ್, ರೀಸೆಟ್ ಎರಡೂ ಕೊಟ್ಟು ನನ್ನ ಬುದ್ಧಿವಂತಿಕೆಯನ್ನೆಲ್ಲ ಅಳಿಸಿದೆ.

ಇನ್ನೊಂದು, ಶಿವಮೊಗ್ಗದಿಂದ ಚಿಕ್ಕಪ್ಪನ ಮಗನ ಫೋನು.

"ಅಣ್ಣ, ಫ್ಲ್ಯಾಟ್‌ಪ್ಯಾಕ್‌ದು ಒಂದೂ ಓಪನ್ ಆಗ್ತಿಲ್ಲ. ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಬಿಟ್ಟು ನಾನೇನೂ ಮಾಡಿಲ್ಲ."

"ಅಷ್ಟು ಮಾಡಿದ್ಯಲ್ಲೋ, ಸಾಕು."

ಅವನದು ಎನ್‌ವಿಡಿಯಾ ಕಾರ್ಡು. ಫ್ಲ್ಯಾಟ್‌ಪ್ಯಾಕ್ ಒಳಗಿನ ಆಪ್‌ಗೆ ಹೊರಗಿನ ಡ್ರೈವರ್ ಫೈಲುಗಳು ಕಾಣಲ್ಲ, ಅದಕ್ಕೇ ಅಂತ ಬೇರೆ ಪ್ರತಿ ಬೇಕು, ಮತ್ತು ಕರ್ನಲ್‌ನಲ್ಲಿರೋ ಆವೃತ್ತಿಗೂ ಇದಕ್ಕೂ ಚುಕ್ಕಿ ಬಿಡದೆ ಹೊಂದಬೇಕು. ಡ್ರೈವರ್ ಆವೃತ್ತಿ ತೋರಿಸೋ ಎನ್‌ವಿಡಿಯಾ-ಎಸ್‌ಎಂಐ ಓಡಿಸೋಕೆ ಹೇಳಿದೆ, 550.120 ಅಂತ ಓದಿದ. ಫ್ಲ್ಯಾಟ್‌ಪ್ಯಾಕ್ ಪಟ್ಟಿಯಲ್ಲಿ ನೋಡಿದರೆ 550-107-02. ಫ್ಲ್ಯಾಟ್‌ಪ್ಯಾಕ್ ಅಪ್‌ಡೇಟ್ ಕೊಡು, ಮುಗಿಯೋ ತನಕ ಏನೂ ಮುಟ್ಟಬೇಡ ಅಂದೆ. ಕಾಫಿ ಕುಡಿದು ಮುಗಿಸೋ ಹೊತ್ತಿಗೆ ಬಂತು ಅಂತ ಮೆಸೇಜು. ಕೆಳಗೆ ಇನ್ನೊಂದು: "ಅಣ್ಣ, ಮಧ್ಯದಲ್ಲಿ ಎರಡು ಸಲ ರೀಇನ್‌ಸ್ಟಾಲ್ ಮಾಡಿದ್ದೆ, ಪರವಾಗಿಲ್ಲ ಅಲ್ವಾ?"