ಲೆನಿನ್‌ಗ್ರಾಡ್‌ಗೆ ಹೋದ ಒಪೆರಾ ತಂಡದ ಬಗ್ಗೆ ನಾನು ಬರೆದ ಬಗೆ

ಶೀತಲ ಸಮರದ ನಡುವೆ ಅಮೆರಿಕದ ಒಪೆರಾ (ಹಾಡಿನಲ್ಲೇ ಸಾಗುವ ನಾಟಕ) ತಂಡವೊಂದು ಸೋವಿಯತ್ ಒಕ್ಕೂಟಕ್ಕೆ ಹೋದ ಬಗ್ಗೆ ಲೇಖನ ಬರೆಯಲು ಕೂತಾಗ ಮೊದಲು ಕೇಳಿಕೊಂಡದ್ದು, ಖರ್ಚು ಯಾರದು ಅಂತ. ಕಲಾವಿದರು ಗಡಿ ದಾಟುವ ಸುದ್ದಿಯಲ್ಲಿ ಸ್ನೇಹ, ಸೌಹಾರ್ದದ ಮಾತು ಧಾರಾಳವಾಗಿ ಸಿಗುತ್ತದೆ. ದುಡ್ಡಿನ ಜಾಡು ಹಿಡಿದರೆ ರಾಜಕೀಯ ತಾನಾಗಿ ಕಾಣುತ್ತದೆ.

ತಂಡದ ಹೆಸರು ಎವ್ರಿಮನ್ ಒಪೆರಾ, ನಿರ್ದೇಶಕ ರಾಬರ್ಟ್ ಬ್ರೀನ್. ಆಡುತ್ತಿದ್ದದ್ದು ಅಮೆರಿಕದ ಸಂಗೀತ ಸಂಯೋಜಕ ಜಾರ್ಜ್ ಗರ್ಶ್ವಿನ್ ಅವರ ‘ಪೋರ್ಗಿ ಅಂಡ್ ಬೆಸ್’. ದಕ್ಷಿಣ ಅಮೆರಿಕನ್ ರಾಜ್ಯಗಳ ಪೈಕಿ ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್ ಊರಿನ ಬಡ ಕಪ್ಪು ಜನರ ಕೇರಿಯ ಕಥೆ. ಹಾಡುವವರೂ ಹೆಚ್ಚುಕಡಿಮೆ ಎಲ್ಲರೂ ಕಪ್ಪು ಕಲಾವಿದರೇ. 1952ರಲ್ಲಿ ಯುರೋಪಿಗೆ, 1955ರಲ್ಲಿ ಲ್ಯಾಟಿನ್ ಅಮೆರಿಕಕ್ಕೆ ಈ ತಂಡ ಹೋದಾಗ ಅಮೆರಿಕ ಸರ್ಕಾರ ಹಣ ಕೊಟ್ಟಿತ್ತು. ರಷ್ಯಾ ಅಂದಕೂಡಲೇ ವಿದೇಶಾಂಗ ಇಲಾಖೆ ಕೈಯೆತ್ತಿಬಿಟ್ಟಿತು. ಖರ್ಚು ಹೊತ್ತದ್ದು ಸೋವಿಯತ್ ಸಂಸ್ಕೃತಿ ಸಚಿವಾಲಯ. ಲೇಖನದ ಬೆನ್ನೆಲುಬು ನನಗೆ ಅಲ್ಲೇ ಸಿಕ್ಕಿತು.

ಆಮೇಲೆ ಒಂದು ಹಾಳೆಯ ಎಡಕ್ಕೆ ತಂಡದ ದಿನಾಂಕ, ಬಲಕ್ಕೆ ಹೊರಗಿನ ಜಗತ್ತಿನದು ಬರೆದುಕೊಂಡೆ. 1955ರ ಜುಲೈನಲ್ಲಿ ಅಮೆರಿಕ, ಸೋವಿಯತ್, ಬ್ರಿಟನ್, ಫ್ರಾನ್ಸ್ ನಾಯಕರ ಜಿನೀವಾ ಶೃಂಗಸಭೆ. ಆಗಸ್ಟ್‌ನಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಹುಡುಗನ ಕೊಲೆ, ಸೆಪ್ಟೆಂಬರ್‌ನಲ್ಲಿ ಆರೋಪಿಗಳ ಖುಲಾಸೆ. ನವೆಂಬರ್‌ನಲ್ಲಿ ಸೋವಿಯತ್ ನಾಯಕರಾದ ಕ್ರುಶ್ಚೇವ್, ಬುಲ್ಗಾನಿನ್ ಭಾರತಕ್ಕೆ ಬಂದು ಬೆಂಗಳೂರನ್ನೂ ನೋಡಿ ಹೋದರು. ಡಿಸೆಂಬರ್ 1ರಂದು ಅಮೆರಿಕದ ಮಾಂಟ್ಗಮರಿಯಲ್ಲಿ ಬಿಳಿಯರಿಗೆ ಬಸ್ಸಿನ ಸೀಟು ಬಿಟ್ಟುಕೊಡದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಂಧನ. ಡಿಸೆಂಬರ್ 26ಕ್ಕೆ ಲೆನಿನ್‌ಗ್ರಾಡ್‌ನಲ್ಲಿ ಮೊದಲ ಪ್ರದರ್ಶನ. ನಿಮ್ಮ ದೇಶದಲ್ಲಿ ಕಪ್ಪು ಜನರ ಸ್ಥಿತಿ ಹೇಗಿದೆ ಎಂದು ರಷ್ಯನ್ನರು ಕೇಳಿದರೆ ಏನು ಹೇಳುವುದು? ಹೊರಡುವ ಮೊದಲೇ ಬರ್ಲಿನ್‌ನಲ್ಲಿ ಅಮೆರಿಕದ ರಾಜತಾಂತ್ರಿಕರು ತಂಡದವರ ಜೊತೆ ಕೂತು ಇದನ್ನು ಚರ್ಚಿಸಿದ್ದರು. ಆ ಹಾಳೆಯ ಮುಂದೆ ಕೂತಾಗ ಹೊಟ್ಟೆ ಉರಿಯಿತು. ಅಮೆರಿಕದ ದಕ್ಷಿಣ ಭಾಗದ ಬಸ್ಸುಗಳಲ್ಲಿ ಮುಂದಿನ ಸೀಟಿಗೂ ಹಕ್ಕಿಲ್ಲದವರು ಪರದೇಶದಲ್ಲಿ ದೇಶದ ಮಾನ ಕಾಯಬೇಕಿತ್ತು.

ಬರೆಯಲು ಅತಿ ಕಷ್ಟವಾದದ್ದು ಮೊದಲ ರಾತ್ರಿ. ಭರ್ಜರಿ ಯಶಸ್ಸು ಎಂಬ ವರದಿಗಳಿವೆ. ಸಭಾಂಗಣದ ಒಳಗಿಂದ ಬಂದ ಇನ್ನೊಂದು ಚಿತ್ರವೂ ಇದೆ: ಕಥಾಸಾರದ ಪುಸ್ತಿಕೆ ಹೊತ್ತಿಗೆ ಸರಿಯಾಗಿ ಅಚ್ಚಾಗಿ ಬಂದಿರಲಿಲ್ಲ, ಹಾಡು ಇಂಗ್ಲಿಷಿನದು, ಶೃಂಗಾರದ ದೃಶ್ಯಗಳಿಗೆ ಪ್ರೇಕ್ಷಕರಿಗೆ ಮುಜುಗರ, ಚಪ್ಪಾಳೆಗೆ ಹಿಂಜರಿಕೆ. ಎರಡನ್ನೂ ಕಲಸಿ ನಡುವಿನದೊಂದನ್ನು ಬರೆಯಲು ಮನಸ್ಸು ಬರಲಿಲ್ಲ. ಯಾರು, ಎಲ್ಲಿ ಕೂತು, ಯಾವ ಓದುಗರಿಗಾಗಿ ಬರೆದರು ಎಂದು ಹೇಳಿ ಎರಡನ್ನೂ ಇಟ್ಟೆ. ಕಥೆಯೇ ಗೊತ್ತಿಲ್ಲದ ಜನ ತಡವಾಗಿ ಸೋತದ್ದು ಹಾಡಿಗೆ ತಾನೆ? ಅದನ್ನು ನಾನು ಗೆಲುವೆಂದೇ ಎಣಿಸುತ್ತೇನೆ.

ಹೆಸರುಗಳ ವಿಷಯದಲ್ಲಿ ಕಟ್ಟುನಿಟ್ಟಾಗಿದ್ದೆ. ಮುಂದೆ ಲೇಖಕಿಯಾಗಿ ಹೆಸರಾದ ಮಾಯಾ ಏಂಜೆಲೊ ಈ ತಂಡದಲ್ಲಿ ಕುಣಿದು ಹಾಡಿದ್ದು ನಿಜ, ಆದರೆ ರಷ್ಯಾದ ರೈಲು ಹೊರಡುವ ಮೊದಲೇ ಮಗನಿಗಾಗಿ ಮನೆಗೆ ಮರಳಿದ್ದರು. ಅವರ ಹೆಸರಿದ್ದರೆ ಲೇಖನಕ್ಕೆ ಕಳೆ ಬರುತ್ತಿತ್ತು. ಇದ್ದದ್ದನ್ನಷ್ಟೇ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋದೆ.

1956ರ ಜನವರಿಯಲ್ಲಿ ಮಾಸ್ಕೋದ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ತಂಡದ ಹೆಲೆನ್ ಥಿಗ್ಪೆನ್, ಅರ್ಲ್ ಜಾಕ್ಸನ್ ಮದುವೆಯಾದರು. ಲೇಖನ ಅಲ್ಲಿಂದಲೇ ಶುರುವಾಗಲಿ ಎಂದರು ಸಂಪಾದಕರು. ಥಿಗ್ಪೆನ್ ಸೆರೀನಾ ಪಾತ್ರ ಹಾಡುತ್ತಿದ್ದ ಗಾಯಕಿ, ಜಾಕ್ಸನ್ ಅವರದು ಸ್ಪೋರ್ಟಿಂಗ್ ಲೈಫ್ ಪಾತ್ರ. ಮೊದಲು ಅವರ ಕಲೆಯ ಮಾತು ಬರಲಿ ಸರ್, ಮದುವೆ ಆಮೇಲೆ ಅಂದೆ. ಅವರು ಒಪ್ಪಿದರು.