ಕಿಲೋಲೀಟರ್ ಬಿಟ್ಟು ಕಿಲೋ ಲೆಕ್ಕ ಹಿಡಿದೆವು: ಎಸ್‌ಟಿಪಿ ಖರ್ಚು ಹೋಲಿಸಿದ ನನ್ನ ಅನುಭವ

ಕಿಲೋಲೀಟರಿಗೆ, ಅಂದರೆ ಸಾವಿರ ಲೀಟರಿಗೆ, ಒಂಬತ್ತು ರೂಪಾಯಿ ಚಿಲ್ಲರೆ ತಿನ್ನುವ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಒಂದು ನಮ್ಮ ಕಡೆ ಇದೆ. ಸುತ್ತಲಿನ ಊರುಗಳಲ್ಲೆಲ್ಲ ಅದೇ ದುಬಾರಿ ಎಂದು ಪ್ರತಿ ಪರಿಶೀಲನಾ ಸಭೆಯಲ್ಲೂ ಬೈಸಿಕೊಳ್ಳುತ್ತಿತ್ತು. ಈಗ ಅದೇ ಘಟಕದ ಖರ್ಚಿನ ಹಾಳೆಯನ್ನು ಮಾದರಿಯೆಂದು ಉಳಿದ ಪುರಸಭೆಗಳಿಗೆ ಕಳಿಸುತ್ತಾರೆ. ಘಟಕದಲ್ಲಿ ಒಂದು ಬೋಲ್ಟೂ ಬದಲಾಗಿಲ್ಲ. ನಾವು ಬದಲಾಯಿಸಿದ್ದು ಖರ್ಚನ್ನು ಯಾವುದರಿಂದ ಭಾಗಿಸಬೇಕು ಎನ್ನುವುದನ್ನು ಮಾತ್ರ.

ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ 2008ರ ಸೇವಾ ಮಟ್ಟದ ಬೆಂಚ್‌ಮಾರ್ಕಿಂಗ್ ಕೈಪಿಡಿಯ ಫಾರಂ ತುಂಬಿದವರಿಗೆ ಒಳಚರಂಡಿಯ ಒಂಬತ್ತು ಸೂಚ್ಯಂಕಗಳು ಬಾಯಿಪಾಠ. ಶೇಕಡಾ ಗುರಿಗಳು ಹೀಗೆ: ಜಾಲದ ವ್ಯಾಪ್ತಿ 100, ಮರುಬಳಕೆ 20, ದೂರು ಪರಿಹಾರ 80, ಶುಲ್ಕ ವಸೂಲಿ 90, ವೆಚ್ಚ ಮರಳಿಕೆ 100. ಇಷ್ಟು ತುಂಬಿದರೂ ಎರಡು ಘಟಕಗಳಲ್ಲಿ ಯಾವುದು ದುಡ್ಡಿಗೆ ತಕ್ಕ ಕೆಲಸ ಮಾಡುತ್ತಿದೆ ಎಂಬುದು ಗೊತ್ತಾಗುವುದಿಲ್ಲ. ಹಾಗಾಗಿ ಎಲ್ಲರೂ ವರ್ಷದ ಖರ್ಚನ್ನು ಎಂಎಲ್‌ಡಿಯಿಂದ (ದಿನಕ್ಕೆ ಎಷ್ಟು ದಶಲಕ್ಷ ಲೀಟರ್ ಎಂಬ ಲೆಕ್ಕ) ಭಾಗಿಸಿ ಕೂರುತ್ತಾರೆ. ಅದೂ ಬಹಳ ಕಡೆ ವಿನ್ಯಾಸದ ಎಂಎಲ್‌ಡಿ, ಹರಿದು ಬಂದ ನೀರಿನದ್ದಲ್ಲ.

ಆಸ್ಟ್ರಿಯಾದವರು ಈ ಹೋಲಿಕೆಯನ್ನು ತಲೆ ಲೆಕ್ಕದಲ್ಲಿ ಮಾಡುತ್ತಾರೆ. ದಿನಕ್ಕೆ 110 ಗ್ರಾಂ ಸಿಒಡಿ (ಕೊಳೆಯನ್ನು ರಾಸಾಯನಿಕವಾಗಿ ಸುಡಲು ಬೇಕಾದ ಆಮ್ಲಜನಕ, ಅಂದರೆ ನೀರಿನಲ್ಲಿರುವ ಕೊಳೆಯ ಅಳತೆ) ಬಂದರೆ ಒಂದು ತಲೆ ಎಂದು ಹಿಡಿದು, ಖರ್ಚನ್ನು ಅದರಿಂದ ಭಾಗಿಸುತ್ತಾರೆ. ನಾನು ಅದನ್ನು ಇಲ್ಲಿ ಮಾಡೋಣ ಎಂದಾಗ ಹಿರಿಯರೊಬ್ಬರು, 'ಅದೆಲ್ಲ ಫಾರಿನ್ ಲೆಕ್ಕ ಕಣ್ರೀ, ನಮ್ಮ ಗಟಾರಕ್ಕೆ ಒಗ್ಗಲ್ಲ' ಅಂದರು. 110 ನಮಗೆ ಒಗ್ಗುವುದಿಲ್ಲ, ನಿಜ. ಆದರೆ ನಮ್ಮದೇ ಸಿಪಿಎಚ್‌ಇಇಒ (ನೀರು, ಒಳಚರಂಡಿಗೆ ಕೇಂದ್ರದ ತಾಂತ್ರಿಕ ಸಂಸ್ಥೆ) ಕೈಪಿಡಿಯ 2013ರ ಆವೃತ್ತಿಯಲ್ಲಿ ತಲೆಗೆ ದಿನಕ್ಕೆ 27 ಗ್ರಾಂ ಬಿಒಡಿ (ಸೂಕ್ಷ್ಮಜೀವಿಗಳು ಕೊಳೆ ತಿನ್ನಲು ಬಳಸುವ ಆಮ್ಲಜನಕ), ಸುಮಾರು 46 ಗ್ರಾಂ ಸಿಒಡಿ ಎಂದು ಕೊಟ್ಟಿದ್ದಾರೆ. 135 ಲೀಟರ್ ನೀರು ಕೊಟ್ಟು ಅದರ ನೂರಕ್ಕೆ 80 ಪಾಲು ಚರಂಡಿಗೆ ಬಂದರೆ ಲೀಟರಿಗೆ 425 ಮಿಲಿಗ್ರಾಂ ಸಿಒಡಿ. ನಾನು ಆ 46 ಅನ್ನು ಹಿಡಿದೆ.

ಕೌನ್ಸಿಲ್ ಸಭೆಯಲ್ಲಿ ಇದನ್ನು ಹೇಳಲು ಗ್ರಾಂ, ಮಿಲಿಗ್ರಾಂ ಯಾವುದೂ ಬೇಕಾಗಲಿಲ್ಲ. 'ಡೇರಿಯಲ್ಲಿ ಹಾಲಿಗೆ ಲೀಟರ್ ನೋಡಿ ದುಡ್ಡು ಕೊಡ್ತಾರೋ, ಫ್ಯಾಟ್ ನೋಡಿ ಕೊಡ್ತಾರೋ?' ಎಂದೆ. ಹಸು ಕಟ್ಟಿದ ಸದಸ್ಯರೇ ಹೆಚ್ಚಿದ್ದರು, ತಕ್ಷಣ ಹಿಡಿದರು.

ಮೊದಲು ಕೈಕೊಟ್ಟದ್ದು ಹರಿವಿನ ಅಳತೆ. ಫ್ಲೋ ಮೀಟರ್ ಇದ್ದ ಕಡೆ ಅರ್ಧಕ್ಕರ್ಧ ಕೆಟ್ಟಿದ್ದವು. ಲಾಗ್‌ಬುಕ್‌ನಲ್ಲಿ ಪಂಪ್ ಓಡಿದ ಗಂಟೆಯನ್ನು ನೇಮ್‌ಪ್ಲೇಟ್ ಡಿಸ್ಚಾರ್ಜ್‌ನಿಂದ ಗುಣಿಸಿ ಬರೆದಿದ್ದರು. ಇಂಪೆಲ್ಲರ್ ಸವೆದ ಪಂಪು ನೇಮ್‌ಪ್ಲೇಟ್ ಹೇಳಿದಷ್ಟು ಎತ್ತುತ್ತದೆಯೇ? ಕೊಳಚೆ ಬಂದು ಸೇರುವ ಪಂಪಿನ ಬಾವಿಯಲ್ಲಿ, ಅಂದರೆ ವೆಟ್‌ವೆಲ್‌ನಲ್ಲಿ, ಪಂಪ್ ನಿಲ್ಲಿಸಿ ನೀರು ಏರುವ ವೇಗ ನೋಡಿದೆವು, ಮತ್ತೆ ಪಂಪ್ ಹಾಕಿ ಇಳಿಯುವ ವೇಗ ನೋಡಿದೆವು. ಒಂದು ಊರಿನಲ್ಲಿ 8 ಎಂಎಲ್‌ಡಿ ಎಂದು ವರ್ಷಗಟ್ಟಲೆ ಬರೆದದ್ದು ನಾಲ್ಕೂವರೆಗೆ ಬಂದು ನಿಂತಿತು. ಇಳಿಯುವ ವೇಗ ನೋಡುವಾಗ ಒಳಬರುವ ಹರಿವನ್ನು ಸೇರಿಸದಿದ್ದರೆ ಲೆಕ್ಕ ಕೆಡುತ್ತದೆ. ಬೆಳಗಿನ ಹೊತ್ತಿನ ಏರಿಳಿತವನ್ನು ಸರಿದೂಗಿಸಲು ನಾನು ಮಾಡಿಕೊಂಡ ಒಂದು ತಿದ್ದುಪಡಿ ಇದೆ, ಅದನ್ನು ಸದ್ಯ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ಎರಡನೆಯದು ಮಾದರಿ ನೀರು. ಬೆಳಿಗ್ಗೆ ಹತ್ತರ ಹೊತ್ತಿಗೆ ಒಂದು ಕ್ಯಾನ್ ತುಂಬಿ ಲ್ಯಾಬಿಗೆ ಕಳಿಸುವುದು ಎಲ್ಲ ಕಡೆಯ ಪದ್ಧತಿ. ಅದು ದಿನದ ಅತಿ ದಪ್ಪ ನೀರು. ಅದನ್ನು ಇಡೀ ದಿನದ ಹರಿವಿಗೆ ಗುಣಿಸಿದರೆ ಊರಿನ ಜನಸಂಖ್ಯೆಗಿಂತ ಹೆಚ್ಚು ತಲೆ ಬರುತ್ತವೆ. ಬಂದವು ಕೂಡ. ಇಪ್ಪತ್ನಾಲ್ಕು ಗಂಟೆಯೂ ಗಂಟೆಗೊಂದರಂತೆ ತೆಗೆದು, ಹರಿವಿನ ಪ್ರಮಾಣಕ್ಕೆ ತಕ್ಕಂತೆ ಬೆರೆಸಬೇಕು. ರಾತ್ರಿ ಪಾಳಿಯ ಆಪರೇಟರ್‌ಗೆ ಭತ್ಯೆ ಕೊಡದೆ ಇದು ನಡೆಯುವುದಿಲ್ಲ. ಕೊಟ್ಟೆವು. ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟ ಖರ್ಚು ಅದೇ.

ಲ್ಯಾಬಿನ ಖರ್ಚು ಹೆಚ್ಚು. ಬಿಒಡಿಗೆ 27 ಡಿಗ್ರಿಯಲ್ಲಿ ಮೂರು ದಿನ ಕಾಯಬೇಕು. ಅದಕ್ಕೇ ಸಿಒಡಿ ಹಿಡಿದದ್ದು: ಡೈಜೆಸ್ಟರ್‌ನಲ್ಲಿ 150 ಡಿಗ್ರಿ, ಎರಡು ಗಂಟೆ, ಸಂಜೆಯೊಳಗೆ ಉತ್ತರ. ಡೈಜೆಸ್ಟರ್, ಗಾಜಿನ ಸಾಮಾನು ಸೇರಿ ಐವತ್ತು ಸಾವಿರದ ಆಸುಪಾಸು ಆಯಿತು. ಸಿಲ್ವರ್ ಸಲ್ಫೇಟಿನ ಬಿಲ್ ನೋಡಿ ಲೆಕ್ಕಪತ್ರ ವಿಭಾಗದವರು ಕಡತವನ್ನು ಮೂರು ಸಲ ವಾಪಸ್ ಕಳಿಸಿದರು. ಪಾದರಸ ಬೆರೆತ ಉಳಿಕೆಯನ್ನು ಸಿಂಕಿಗೆ ಚೆಲ್ಲಬೇಡಿ, ಬೇರೆ ಕ್ಯಾನಿನಲ್ಲಿ ಕೂಡಿಡಿ.

ಈಗ ಲೆಕ್ಕಕ್ಕೆ ಬರುತ್ತೇನೆ. ನೆನಪಿನಿಂದ ಬರೆಯುತ್ತಿದ್ದೇನೆ, ಅಂಕಿಗಳು ತುಸು ಹೆಚ್ಚುಕಡಿಮೆ ಇರಬಹುದು. ಆ ನಾಲ್ಕೂವರೆ ಎಂಎಲ್‌ಡಿಯ ಘಟಕದ ವರ್ಷದ ಖರ್ಚು 1.4 ಕೋಟಿ. ವಿನ್ಯಾಸದ 8ರಿಂದ ಭಾಗಿಸಿದರೆ ಕಿಲೋಲೀಟರಿಗೆ ಐದು ರೂಪಾಯಿಯ ಒಳಗೆ, ಎಲ್ಲರಿಂದ ಶಹಬ್ಬಾಸ್. ನಿಜವಾದ ಹರಿವಿನಿಂದ ಭಾಗಿಸಿದರೆ ಎಂಟೂವರೆ. ಅಲ್ಲಿನ ಸಿಒಡಿ ಲೀಟರಿಗೆ 300 ಮಿಲಿಗ್ರಾಂ ಹತ್ತಿರ, ಅಂದರೆ ದಿನಕ್ಕೆ 1.35 ಟನ್, ಅಂದರೆ 29 ಸಾವಿರ ತಲೆ. ತಲೆಗೆ ವರ್ಷಕ್ಕೆ 480 ರೂಪಾಯಿ. ಬೈಸಿಕೊಳ್ಳುತ್ತಿದ್ದ ಘಟಕಕ್ಕೆ ಬರುವುದು 2.2 ಎಂಎಲ್‌ಡಿ ಮಾತ್ರ, ಆದರೆ ಸಿಒಡಿ 650. ನೀರಿನ ಕೊರತೆಯ ಊರು, ಗಟ್ಟಿ ಕೊಳಚೆ. 31 ಸಾವಿರ ತಲೆ, ಖರ್ಚು ಸುಮಾರು 75 ಲಕ್ಷ. ತಲೆಗೆ 240. ಶಹಬ್ಬಾಸ್ ಪಡೆದದ್ದರ ಅರ್ಧ ಬೆಲೆಗೆ ಅದಕ್ಕಿಂತ ಹೆಚ್ಚು ಕೊಳೆ ತೊಳೆಯುತ್ತಿದ್ದ ಘಟಕವನ್ನು ನಾವು ಇಷ್ಟು ವರ್ಷ ಕಟಕಟೆಯಲ್ಲಿ ನಿಲ್ಲಿಸಿದ್ದೆವು.

ಕೊಳಚೆಯನ್ನು ದೊಡ್ಡ ಹೊಂಡಗಳಲ್ಲಿ ನಿಲ್ಲಿಸಿ ಶುದ್ಧಿ ಮಾಡುವ ಘಟಕಗಳನ್ನು ಇದೇ ಹಾಳೆಯಲ್ಲಿ ಸೇರಿಸಬೇಡಿ. ತಲೆಗೆ ನೂರು ಚಿಲ್ಲರೆಯಲ್ಲಿ ಅವು ಎಲ್ಲರನ್ನೂ ಸೋಲಿಸುತ್ತವೆ. ಮೈಸೂರಿನ ವಿದ್ಯಾರಣ್ಯಪುರ, ರಾಯನಕೆರೆ, ಕೆಸರೆಗಳಲ್ಲಿ ಹೊಂಡಗಳನ್ನು ನೋಡಿದವರಿಗೆ ಅವುಗಳ ಸೊಗಸೂ ಗೊತ್ತು, ಜಾಗದ ಹಸಿವೂ ಗೊತ್ತು. ಕೇಂದ್ರ ಪರಿಸರ ಸಚಿವಾಲಯದ 2017ರ ಅಧಿಸೂಚನೆ ಮಹಾನಗರ ಬಿಟ್ಟು ಉಳಿದ ಊರುಗಳಿಗೆ ಹೊರನೀರಿನ ಬಿಒಡಿ ಲೀಟರಿಗೆ 30 ಮಿಲಿಗ್ರಾಂ ಸಾಕೆಂದಿತು, 2019ರಲ್ಲಿ ಹಸಿರು ನ್ಯಾಯಮಂಡಳಿ 10 ಎಂದಿತು. 30ಕ್ಕೆ ತಿಣುಕುವ ಹೊಂಡವನ್ನೂ ತೊಟ್ಟಿಯಲ್ಲಿ ಗಾಳಿ ಊದಿ 10ಕ್ಕೆ ಇಳಿಸುವ ಎಸ್‌ಬಿಆರ್ ಘಟಕವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಅನ್ಯಾಯ. ನಾನು ಎರಡು ಗುಂಪು ಮಾಡಿದೆ.

ವಿದ್ಯುತ್ ಬಿಲ್ಲಿನಲ್ಲೂ ಒಂದು ಮೋಸದ ಗಂಟು ಇದೆ. ಹದಿನೈದು ವರ್ಷ ಮುಂದಿನ ಜನಸಂಖ್ಯೆಗೆ ಕಟ್ಟಿದ ಘಟಕಕ್ಕೆ ಅಷ್ಟೇ ದೊಡ್ಡ ಕಾಂಟ್ರಾಕ್ಟ್ ಡಿಮ್ಯಾಂಡ್ (ಗರಿಷ್ಠ ಇಷ್ಟು ವಿದ್ಯುತ್ ಬೇಕೆಂಬ ಒಪ್ಪಂದ) ಬರೆಸಿರುತ್ತಾರೆ. ಗಾಳಿ ಊದುವ ಬ್ಲೋವರ್ ಓಡಲಿ ಬಿಡಲಿ, ಅದರ ಬಹುಪಾಲಿಗೆ ಡಿಮ್ಯಾಂಡ್ ಶುಲ್ಕ ಬೀಳುತ್ತದೆ. ಯೂನಿಟ್ ಖರ್ಚನ್ನೂ ಡಿಮ್ಯಾಂಡ್ ಶುಲ್ಕವನ್ನೂ ಬೇರೆ ಕಾಲಂ ಮಾಡಿ. ಆಪರೇಟರ್ ಕೈಲಿರುವುದು ಮೊದಲನೆಯದು ಮಾತ್ರ, ಎರಡನೆಯದು ವಿನ್ಯಾಸ ಮಾಡಿದವರ ಬಾಬತ್ತು. ಒಂದು ಕಡೆ ಡಿಮ್ಯಾಂಡ್ ಇಳಿಸಲು ಅರ್ಜಿ ಹಾಕಿಸಿದ್ದಕ್ಕೇ ತಿಂಗಳಿಗೆ ಇಪ್ಪತ್ತು ಸಾವಿರದ ಹತ್ತಿರ ಉಳಿಯಿತು.

ಇನ್ನೊಂದು ತಲೆನೋವು ಸುಳ್ಳು ವರದಿ. ಹೊರಗುತ್ತಿಗೆಯವರೊಬ್ಬರು ನಡೆಸುವ ಘಟಕದಲ್ಲಿ ತಿಂಗಳು ತಿಂಗಳೂ ಬಿಒಡಿ 8, ಬೇಸಿಗೆಗೂ 8, ಮಳೆಗೂ 8. ಕೆಸರು ಒಣಗಿಸುವ ಹಾಸಿನಲ್ಲಿ ಹುಲ್ಲು ಬೆಳೆದಿತ್ತು. ಇಲ್ಲಿ ರಂಜಕದ (ಫಾಸ್ಫರಸ್) ಲೆಕ್ಕ ಕೈಹಿಡಿಯಿತು. ರಂಜಕ ಗಾಳಿಗೆ ಹಾರುವುದಿಲ್ಲ. ಒಳಗೆ ಬಂದದ್ದು ಕೆಸರಿನಲ್ಲಿರಬೇಕು, ಇಲ್ಲವೇ ಹೊರನೀರಿನಲ್ಲಿರಬೇಕು. ಲೀಟರಿಗೆ ಏಳು ಮಿಲಿಗ್ರಾಂನಷ್ಟು ಬರುತ್ತಿತ್ತು, ರಾತ್ರಿಯ ಹೊರನೀರು ಸೇರಿಸಿ ನೋಡಿದರೆ ಹೆಚ್ಚುಕಡಿಮೆ ಅಷ್ಟೂ ಹೊರಗೆ ಹೋಗುತ್ತಿತ್ತು. ಕೆಸರನ್ನು ತೆಗೆಯದೆ ರಾತ್ರಿ ಹೊರನೀರು ಉಕ್ಕಿ ಹೋಗುವ ವಿಯರ್ ಕಟ್ಟೆಯ ಮೇಲಿಂದ ಹಳ್ಳಕ್ಕೆ ಬಿಡುತ್ತಿದ್ದರು. ಕೆಳಗಿನ ಹಳ್ಳಿಯ ದನ ಆ ನೀರು ಕುಡಿಯುತ್ತವೆ. ಕಡಿಮೆ ಖರ್ಚಿನ ಘಟಕ ಎಂದರೆ ಮೊದಲು ಹಾಸು ನೋಡಿ ಎಂದು ನಾನು ಪಟ್ಟುಹಿಡಿದು ಹೇಳುವುದು ಇದಕ್ಕೇ. ಲ್ಯಾಬ್ ವರದಿ ಕೂತಲ್ಲೇ ಬರೆದದ್ದೋ ಅಲ್ಲವೋ ಎಂದು ಎರಡು ಅಂಕಿ ನೋಡಿ ಹೇಳುವ ಉಪಾಯವೂ ಇದೆ. ಬರೆದರೆ ನಾಳೆಯೇ ಅದಕ್ಕೆ ತಕ್ಕಂತೆ ವರದಿ ತಯಾರಾಗುತ್ತದೆ, ಆದ್ದರಿಂದ ಬೇಡ.

ನಡುವೆ ಒಂದು ದೀಪಾವಳಿ ಬಂತು. ನೀರು ತುಂಬುವ ಹಬ್ಬದ ಮರುಬೆಳಗು ಊರಿಗೆ ಊರೇ ಎಣ್ಣೆಸ್ನಾನ ಮಾಡುವ ದಿನ ಮಾದರಿ ತೆಗೆಸಿದೆ. ಹರಿವು ಕಾಲುಭಾಗಕ್ಕೂ ಮೇಲೆ ಏರಿತ್ತು, ಸಿಒಡಿ ಸಾಂದ್ರತೆ ಇಳಿದಿತ್ತು. ಗುಣಿಸಿದರೆ ಒಟ್ಟು ತೂಕ ಎಣ್ಣೆ ಸೀಗೇಕಾಯಿಯಷ್ಟು ಹೆಚ್ಚಾದದ್ದು ಬಿಟ್ಟರೆ ಹಿಂದಿನ ವಾರದ್ದೇ. ಎಂಎಲ್‌ಡಿ ಲೆಕ್ಕದಲ್ಲಿ ಆವತ್ತು ಘಟಕ ಅಗ್ಗ! ಅಲ್ಲಿಯವರೆಗೆ ನಂಬದಿದ್ದ ನಮ್ಮ ಹಿರಿಯರು ಆ ಹಾಳೆಯನ್ನು ಎರಡು ಸಲ ಓದಿ, ಸಹಿ ಹಾಕಿದರು.

300 ಸಿಒಡಿಯ ಊರಿನ ತೆಳುನೀರು ಎಲ್ಲಿಂದ ಬರುತ್ತದೆಂದು ರಾತ್ರಿ ಎರಡರಿಂದ ನಾಲ್ಕರವರೆಗೆ ಮ್ಯಾನ್‌ಹೋಲ್ ಮುಚ್ಚಳ ಎತ್ತಿ ನೋಡಿದೆವು. ಊರು ಮಲಗಿದ ಹೊತ್ತಿನಲ್ಲೂ ಕೆರೆ ಅಂಗಳದ ಟ್ರಂಕ್ ಲೈನಿನಲ್ಲಿ ತಿಳಿನೀರು ಓಡುತ್ತಿತ್ತು. ಹಳೆಯ ಕೀಲುಗಳಿಂದ ಕೆರೆಯೇ ಒಳಗೆ ಸೋರುತ್ತಿತ್ತು. ಆ ತುಂಡಿನ ಕೀಲು, ಮ್ಯಾನ್‌ಹೋಲ್ ಗೋಡೆ ರಿಪೇರಿಗೆ 18 ಲಕ್ಷ ಬಿತ್ತು. ಹರಿವು ಒಂದು ಎಂಎಲ್‌ಡಿಯಷ್ಟು ಇಳಿಯಿತು. ಎರಡು ಹಂತದ ಪಂಪಿಂಗ್ ಆದ್ದರಿಂದ ವಿದ್ಯುತ್ತಿನಲ್ಲೇ ವರ್ಷಕ್ಕೆ ನಾಲ್ಕೈದು ಲಕ್ಷ ಉಳಿತಾಯ, ಮಳೆಗಾಲದಲ್ಲಿ ವೆಟ್‌ವೆಲ್ ಉಕ್ಕುವುದೂ ನಿಂತಿತು. ಘಟಕ ಸಾಲದು, ವಿಸ್ತರಣೆ ಬೇಕು ಎಂದು ಕೋಟಿಗಳ ಅಂದಾಜು ಪಟ್ಟಿ ಆಗಲೇ ಮೇಜಿನ ಮೇಲಿತ್ತು. ಅದು ಅಲ್ಲೇ ಉಳಿಯಿತು.

ಕೊಳವೆ ಜಾಲದ ಹೋಲಿಕೆ ಇನ್ನೂ ಪೂರ್ತಿ ಕೈಗೆ ಬಂದಿಲ್ಲ. ಕಿಲೋಮೀಟರಿಗೆ ವರ್ಷದ ಖರ್ಚು, ಕಿಲೋಮೀಟರಿಗೆ ಕೊಳವೆ ಎಷ್ಟು ಸಲ ಕಟ್ಟಿಕೊಂಡಿತು ಎಂಬುದು, ಎರಡನ್ನೂ ಪಕ್ಕಪಕ್ಕ ಇಡುತ್ತೇವೆ. ಖರ್ಚು ತೀರಾ ಕಡಿಮೆ ತೋರಿಸುವ ಊರಿದ್ದರೆ ನಾನು ಮೊದಲು ಕೇಳುವುದು ನೀರು ಚಿಮ್ಮಿಸಿ ಕೊಳವೆ ತೊಳೆಯುವ ಜೆಟ್ಟಿಂಗ್ ಗಾಡಿಯ ಲಾಗ್‌ಬುಕ್. ಗಾಡಿ ಓಡದೆ ಲೈನ್ ಕ್ಲೀನ್ ಆಗಿದ್ದರೆ ಒಳಗೆ ಮನುಷ್ಯ ಇಳಿದಿದ್ದಾನೆ ಎಂದೇ ಅರ್ಥ. ಮಲ ಹೊರುವ ಕೆಲಸವನ್ನು ನಿಷೇಧಿಸಿದ 2013ರ ಕಾಯ್ದೆ ಬಂದ ಮೇಲೂ ಒಳಗಿಳಿದವರ ಸಾವುಗಳು ನಿಂತಿಲ್ಲ; 2023ರಲ್ಲಿ ಸುಪ್ರೀಂ ಕೋರ್ಟ್ ಸಾವಿನ ಪರಿಹಾರವನ್ನು ಹತ್ತು ಲಕ್ಷದಿಂದ ಮೂವತ್ತು ಲಕ್ಷಕ್ಕೆ ಏರಿಸಿತು. ಆದ್ದರಿಂದ ಗಾಡಿಯ ಗಂಟೆ ಬರೆಯದ ಊರನ್ನು ನಾನು ಹೋಲಿಕೆಯ ಪಟ್ಟಿಗೇ ಸೇರಿಸುವುದಿಲ್ಲ, ಅದರ ಖರ್ಚು ಎಷ್ಟೇ ಚೆಂದ ಕಾಣಲಿ. ಪಟ್ಟಿಯಿಂದ ಬಿಟ್ಟ ಎರಡು ಪುರಸಭೆಗಳು ಈ ವರ್ಷ ಗಾಡಿ ಬಾಡಿಗೆಗೆ ಟೆಂಡರ್ ಕರೆದಿವೆ. ಹೋಟೆಲ್ ಸಾಲಿನ ಲೈನುಗಳಲ್ಲಿ ಜಿಡ್ಡಿನ ತೊಟ್ಟಿ ಕಟ್ಟಿಸಿದ ಮೇಲೆ ಕಟ್ಟಿಕೊಳ್ಳುವುದು ಎಷ್ಟು ಇಳಿಯುತ್ತದೆ ಎಂದು ಒಂದು ಬೀದಿಯಲ್ಲಿ ನೋಡುತ್ತಿದ್ದೇವೆ, ಮಳೆಗಾಲ ಕಳೆದ ಮೇಲೆ ಅದರ ಅಂಕಿ ಬರೆಯುತ್ತೇನೆ.