ಹದಿನೈದು ಹಾಡು, 400 ಪದ

ಹಿಟ್ ಹಾಡುಗಳ ಸಂಕಲನಕ್ಕೆ ವಿಮರ್ಶೆ ಬರೆಯುವುದೆಂದರೆ ಉಂಡು ಕೈ ತೊಳೆದವರ ಮುಂದೆ ನಿಂತು ಸಾರಿಗೆ ಉಪ್ಪು ಸಾಕೇ ಎಂದು ಕೇಳಿದಂತೆ. ಹಾಡು ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಜನ ಹತ್ತು ವರ್ಷದ ಹಿಂದೆಯೇ ತೀರ್ಮಾನಿಸಿ ಆಗಿರುತ್ತದೆ. 2007ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಐವರು ಹುಡುಗಿಯರ ಪಾಪ್ ತಂಡ ಸ್ಪೈಸ್ ಗರ್ಲ್ಸ್‌ನ ‘ಗ್ರೇಟೆಸ್ಟ್ ಹಿಟ್ಸ್’ ಸಿಡಿ ನನ್ನ ಮೇಜಿಗೆ ಬಂದಾಗ ಇದು ನನಗೆ ಗೊತ್ತಿರಲಿಲ್ಲ. ಅರ್ಧ ದಿನದ ಕೆಲಸ ಎಂದುಕೊಂಡಿದ್ದೆ. ಒಂಬತ್ತು ದಿನ ಹಿಡಿಯಿತು.

ಆಗ ನಾನು ಬೆಂಗಳೂರಿನ ಒಂದು ಕನ್ನಡ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿದ್ದೆ. ಐವರೂ ಮತ್ತೆ ಒಂದಾಗುತ್ತೇವೆಂದು ಜೂನ್ ಕೊನೆಯಲ್ಲಿ ಘೋಷಿಸಿದ್ದರು. ಡಿಸೆಂಬರ್ 2ರಂದು ವ್ಯಾಂಕೂವರ್‌ನಲ್ಲಿ ಪ್ರವಾಸ ಶುರುವಾಗಿತ್ತು. ಲಂಡನ್ನಿನ ಮೊದಲ ಪ್ರದರ್ಶನದ ಟಿಕೆಟ್ 38 ಸೆಕೆಂಡುಗಳಲ್ಲಿ ಖಾಲಿಯಾದ ಸುದ್ದಿಯನ್ನು ನಾವೂ ಒಂದು ಕಾಲಮ್ಮಿನಲ್ಲಿ ಹಾಕಿದ್ದೆವು. ಸಹೋದ್ಯೋಗಿಯೊಬ್ಬರ ತಂಗಿ ಲಂಡನ್ನಿನಿಂದ ರಜೆಗೆ ಬರುವಾಗ ಸಿಡಿ ತಂದಿದ್ದಳು. ಅವಳು ವಾಪಸು ಹೋಗುವಷ್ಟರಲ್ಲಿ ಹಿಂತಿರುಗಿಸಬೇಕು ಎಂಬ ಕರಾರಿನ ಮೇಲೆ ನನಗೆ ಸಿಕ್ಕಿತು. ಸಂಪಾದಕರು ಕೊಟ್ಟ ಜಾಗ 400 ಪದ.

ಮೊದಲ ಕರಡು ಒಂದೇ ರಾತ್ರಿಯಲ್ಲಿ ಆಯಿತು. ದಾವಣಗೆರೆಯಲ್ಲಿ ಪಿಯುಸಿ ಓದುವಾಗ ಹಾಸ್ಟೆಲಿನ ಟಿವಿಯಲ್ಲಿ ಈ ಐವರನ್ನು ನೋಡಿದ್ದು, ವಾರ್ಡನ್ ಬಂದು ಚಾನೆಲ್ ಬದಲಿಸಿದ್ದು, ಇಂಗ್ಲಿಷ್ ಅರ್ಥವಾಗದೆಯೂ ಹಾಡಿದ್ದು, ಎಲ್ಲವೂ ಅದರಲ್ಲಿತ್ತು. ಬರೆದು ಮುಗಿಸಿ ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ. ಸಂಪಾದಕರು ಓದಿ, ಪೆನ್ಸಿಲಿನಲ್ಲಿ ಕೊನೆಗೆ ಒಂದೇ ಸಾಲು ಬರೆದು ಕಳುಹಿಸಿದರು: ‘ಸಿಡಿ ಕೇಳಿದ್ದೀರಾ?’

ಕೇಳಿದ್ದೆ. ಆದರೆ ಕರಡಿನಲ್ಲಿ ಸಿಡಿ ಇರಲಿಲ್ಲ, ನಾನಿದ್ದೆ. ಹಳೆಯ ಹಾಡಿನ ಬಗ್ಗೆ ಬರೆಯಲು ಕೂತವರೆಲ್ಲರೂ ಬೀಳುವ ಗುಂಡಿ ಇದು. ನಮ್ಮ ಹಳೆಯ ಚಿತ್ರಗೀತೆಗಳ ಬಗೆಗಿನ ಬರಹಗಳಲ್ಲೂ ನೋಡಿ: ರೇಡಿಯೋ, ಮಳೆ, ಅಜ್ಜಿಮನೆ ಎಲ್ಲವೂ ಬರುತ್ತವೆ, ಹಾಡು ಮಾತ್ರ ಬರುವುದಿಲ್ಲ.

ಎರಡನೆಯ ಕರಡು ಇನ್ನೂ ಕೆಟ್ಟದ್ದಾಯಿತು. ಹದಿನೈದು ಹಾಡಿಗೂ ಒಂದೊಂದು ಸಾಲು. ಇದು ಉತ್ಸಾಹಭರಿತ, ಅದು ಭಾವಪೂರ್ಣ, ಮತ್ತೊಂದು ಕುಣಿಸುವಂಥದ್ದು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಅದನ್ನು ನಾನೇ ಹರಿದೆ.

ಮೂರನೆಯ ದಿನ ಉದ್ದ ಲೆಕ್ಕದ ಪುಸ್ತಕವೊಂದನ್ನು ತಂದು ಐದು ಅಂಕಣ ಗೆರೆ ಎಳೆದೆ. ಮೆಲ್ ಬಿ, ಮೆಲ್ ಸಿ, ಎಮ್ಮಾ, ವಿಕ್ಟೋರಿಯಾ, ಜೆರಿ. ಪ್ರತಿ ಹಾಡಿಗೆ ಒಂದು ಅಡ್ಡಸಾಲು. ಯಾರು ಒಬ್ಬಂಟಿಯಾಗಿ ಒಂದು ಸಾಲು ಹಾಡಿದರೂ ಆಯಾ ಅಂಕಣದಲ್ಲಿ ಒಂದು ಗೀಟು. ಹಾಲಿನವನ ಲೆಕ್ಕದಂತೆ. ಹೆಡ್‌ಫೋನ್ ಹಾಕಿಕೊಂಡು ಒಂದೊಂದು ಹಾಡನ್ನೂ ನಾಲ್ಕೈದು ಬಾರಿ ನಿಲ್ಲಿಸಿ ನಿಲ್ಲಿಸಿ ಕೇಳಿದೆ. ಈ ಲೆಕ್ಕದ ಪುಸ್ತಕ ಇಲ್ಲದಿದ್ದರೆ ವಿಮರ್ಶೆ ಹುಟ್ಟುತ್ತಿರಲಿಲ್ಲ.

ಏಕೆಂದರೆ ಸ್ಪೈಸ್ ಗರ್ಲ್ಸ್‌ಗೆ ಮುಖ್ಯ ಗಾಯಕಿ ಎಂಬವಳು ಇಲ್ಲ. ಸಾಲುಗಳನ್ನು ಹಂಚಿಕೊಂಡು ಹಾಡುತ್ತಾರೆ, ಒಂದು ಚರಣದೊಳಗೇ ದನಿ ಎರಡು ಮೂರು ಬಾರಿ ಬದಲಾಗುತ್ತದೆ. 1994ರಲ್ಲಿ ಪತ್ರಿಕಾ ಜಾಹೀರಾತು ಕೊಟ್ಟು, ಆಯ್ಕೆ ನಡೆಸಿ ಕಟ್ಟಿದ ತಂಡ ಇದು. ಹಾಡುಗಾರಿಕೆಯಲ್ಲಿ ಎಲ್ಲರೂ ಸಮಾನರಲ್ಲ ಎಂಬುದು ಎರಡು ಹಾಡು ಕೇಳಿದರೆ ತಿಳಿಯುತ್ತದೆ. ಗೀಟುಗಳ ಸಂಖ್ಯೆಯಲ್ಲಿ ಹೆಚ್ಚು ಕಡಿಮೆಯಿದ್ದರೂ ಭಾರ ಎತ್ತುವವಳು ಮೆಲ್ ಸಿ. ‘ಸೇ ಯು ವಿಲ್ ಬಿ ದೇರ್’ ಮುಗಿಯುವ ಹೊತ್ತಿಗೆ ಉಳಿದವರು ಪಲ್ಲವಿಯನ್ನು ಹಿಡಿದುಕೊಂಡಿದ್ದರೆ ಇವಳು ಅದರ ಮೇಲೆ ಏರುದನಿಯಲ್ಲಿ ಸುತ್ತಾಡಿ ಬರುತ್ತಾಳೆ. (ಅದೇ ಹಾಡಿನ ನಡುವೆ ಬರುವ ಮೌತ್ ಆರ್ಗನ್ ನುಡಿಸಿದವರು ಜಡ್ ಲ್ಯಾಂಡರ್. 1983ರಲ್ಲಿ ಕಲ್ಚರ್ ಕ್ಲಬ್ ಎಂಬ ಬ್ರಿಟಿಷ್ ತಂಡದ ‘ಕರ್ಮಾ ಕಮೀಲಿಯನ್’ನಲ್ಲಿ ನುಡಿಸಿದವರೂ ಅವರೇ. ಇದನ್ನು ವಿಮರ್ಶೆಯಲ್ಲಿ ತುರುಕಲು ಮೂರು ಬಾರಿ ಪ್ರಯತ್ನಿಸಿದೆ, ಜಾಗ ಸಿಗಲಿಲ್ಲ.)

ಪುಸ್ತಕದ ಮೊದಲ ಅಡ್ಡಸಾಲಿನಲ್ಲೇ ಒಂದು ಅಂಕಣ ಖಾಲಿ ಉಳಿಯಿತು. ‘ವಾನಾಬಿ’ಯಲ್ಲಿ ವಿಕ್ಟೋರಿಯಾಗೆ ಒಂದೂ ಗೀಟು ಬೀಳಲಿಲ್ಲ. ನನ್ನ ಕಿವಿಯದೇ ದೋಷ ಎಂದುಕೊಂಡು ಆರು ಬಾರಿ ಕೇಳಿದೆ. ಮೆಲ್ ಬಿಯ ನಗು, ಹೆಜ್ಜೆಯ ಸಪ್ಪಳ, ಆಮೇಲೆ ಅವಳಿಗೂ ಜೆರಿಗೂ ನಡೆಯುವ ಸವಾಲು ಜವಾಬು, ಇವೆಲ್ಲ ಸ್ಪಷ್ಟ. ವಿಕ್ಟೋರಿಯಾ ಪಲ್ಲವಿಯ ಗುಂಪಿನೊಳಗೆ ಮಾತ್ರ ಇದ್ದಾಳೆ. ಕಾರಣವನ್ನು ಹುಡುಕಿ ಓದಿದೆ: ಹಾಡು ಕಟ್ಟಿದ ದಿನ ಅವಳು ಸ್ಟುಡಿಯೋದಲ್ಲಿ ಇರಲಿಲ್ಲ, ಮನೆಯವರ ಮದುವೆಗೆ ಹೋಗಿದ್ದಳು, ಫೋನಿನಲ್ಲಿ ಕೇಳಿಸಿಕೊಂಡು ಹೂಂ ಎಂದಿದ್ದಳು. 1996ರ ಜುಲೈನಲ್ಲಿ ಬಂದು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಏಳು ವಾರ ಮೊದಲ ಸ್ಥಾನದಲ್ಲಿ ಕೂತ ಹಾಡು. ಐವರಲ್ಲಿ ಅತಿ ಹೆಚ್ಚು ಸುದ್ದಿಯಾದವಳು ಅದರಲ್ಲಿ ಹೆಚ್ಚುಕಡಿಮೆ ಅತಿಥಿ.

ಅನುಮಾನ ಬಂದಲ್ಲಿ ವಿಡಿಯೋ ನೋಡಿ ತುಟಿಯ ಚಲನೆಯಿಂದ ಖಚಿತಪಡಿಸಿಕೊಳ್ಳುತ್ತಿದ್ದೆ. ಕಚೇರಿಯ ಇಂಟರ್‌ನೆಟ್ಟಿನಲ್ಲಿ ನಾಲ್ಕು ನಿಮಿಷದ ಹಾಡು ಪೂರ್ತಿ ಇಳಿಯುವಷ್ಟರಲ್ಲಿ ಕಾಫಿ ಕುಡಿದು ಬರಬಹುದಿತ್ತು. ‘ಟು ಬಿಕಮ್ ಒನ್’ನಲ್ಲಿ ಎಡವಿದೆ. ಒಂದು ಸಾಲು ಜೆರಿಯದೆಂದು ನನ್ನ ನೆನಪು ಹೇಳುತ್ತಿತ್ತು. ವಿಡಿಯೋದಲ್ಲಿ ಹಾಡುತ್ತಿದ್ದವಳು ವಿಕ್ಟೋರಿಯಾ. ಅಟ್ಟದಿಂದ ಅವರ ಮೊದಲ ಆಲ್ಬಮ್ ‘ಸ್ಪೈಸ್’ನ ಕ್ಯಾಸೆಟ್ ಇಳಿಸಿ, ಟೇಪ್ ರೆಕಾರ್ಡರಿನ ಧೂಳು ಒರೆಸಿ ಕೇಳಿದರೆ ಅಲ್ಲಿ ಜೆರಿಯೇ. ಆಲ್ಬಮ್ಮಿನ ಹಾಡು ಬೇರೆ, ಸಿಂಗಲ್ ಆಗಿ, ಅಂದರೆ ಬಿಡಿಯಾಗಿ ಮಾರಾಟಕ್ಕೆ, ಬಿಟ್ಟದ್ದು ಬೇರೆ. ಸಿಂಗಲ್‌ನಲ್ಲಿ ಆ ಭಾಗವನ್ನು ವಿಕ್ಟೋರಿಯಾ ಹಾಡಿದ್ದಾಳೆ, ಹುಡುಗ ಹುಡುಗಿಯರ ಪ್ರಸ್ತಾಪವಿದ್ದ ಒಂದು ಸಾಲಿನ ಮಾತೂ ಬದಲಾಗಿದೆ. ಸಂಕಲನ ಕೇಳುವಾಗ ಹಳೆಯ ಕ್ಯಾಸೆಟ್ ಪಕ್ಕದಲ್ಲಿರಬೇಕು ಎಂಬುದನ್ನು ಆಗಲೇ ಕಲಿತದ್ದು. ‘ವಿವಾ ಫಾರೆವರ್’ ವಿಡಿಯೋದಿಂದ ಮಾತ್ರ ಯಾವ ಉಪಯೋಗವೂ ಆಗಲಿಲ್ಲ. ಅದರಲ್ಲಿ ಐವರೂ ಹಾರಾಡುವ ಬೊಂಬೆಗಳು.

ಭಾಷೆಯ ತಕರಾರು ಬೇರೆಯೇ ಇತ್ತು. ಪಲ್ಲವಿ, ಚರಣ ಎಂಬ ಮಾತುಗಳು ಕೈಯಲ್ಲಿವೆ, ಆದರೆ ನಮ್ಮ ಭಾವಗೀತೆಯಲ್ಲಿ ಪಲ್ಲವಿ ಮೊದಲು ಬರುತ್ತದೆ. ಪಾಪ್ ಹಾಡಿನಲ್ಲಿ ಚರಣ ಮೊದಲು ಬಂದು, ಕಾಯಿಸಿ, ಆಮೇಲೆ ಪಲ್ಲವಿ ಕೊಡುತ್ತಾರೆ. ಆ ಕಾಯಿಸುವುದೇ ಕಸುಬು. ಹಾಗಾಗಿ ‘ಕೊನೆಗೂ ಪಲ್ಲವಿ ಬಂದಾಗ’ ಎಂದು ಬರೆದರೆ ಅರ್ಧ ಓದುಗರಿಗೆ ಇವನಿಗೆ ಪಲ್ಲವಿ ಎಂದರೆ ಗೊತ್ತಿಲ್ಲ ಎನಿಸುತ್ತದೆ. ಹಿಂದಿನಿಂದ ಸೇರುವ ದನಿಗಳಿಗೆ ‘ಹಿಮ್ಮೇಳ’ ಎಂದು ಬರೆದೆ. ಕುಂದಾಪುರದ ಸಹೋದ್ಯೋಗಿ ಓದಿ, ‘ಚಂಡೆ ಯಾರದು, ಮದ್ದಳೆ ಯಾರದು?’ ಎಂದು ಕೇಳಿದರು. ಅವರ ನಗು ನಿಲ್ಲುವವರೆಗೆ ಕಾದು ಹಿಮ್ಮೇಳವನ್ನೇ ಉಳಿಸಿದೆ. ಯಕ್ಷಗಾನದ ಹಿಮ್ಮೇಳ ಹಿಂದೆ ಕೂತೇ ಆಟ ನಡೆಸುತ್ತದೆ. ‘ಟೂ ಮಚ್’ ಹಾಡಿನಲ್ಲಿಯೂ ಆಗುವುದು ಅದೇ.

ಐದನೆಯ ದಿನ ಪುಟ ತುಂಬಿತು. ಹೆಡ್‌ಫೋನ್ ತೆಗೆದಿಟ್ಟು ಜೆರಿಯ ಅಂಕಣವನ್ನು ಮೇಲಿನಿಂದ ಕೆಳಗೆ ನೋಡಿದೆ. ಒಂದರಿಂದ ಹತ್ತರವರೆಗೆ ಅವಳ ದನಿಯಿದೆ. ಹನ್ನೊಂದು, ಹನ್ನೆರಡು ಖಾಲಿ. ಹದಿಮೂರು, ಹದಿನಾಲ್ಕರಲ್ಲಿ ಮತ್ತೆ ಇದ್ದಾಳೆ. ಹದಿನೈದು ಖಾಲಿ.

ಕೊನೆಯ ಆ ಖಾಲಿ ಮನೆಯಲ್ಲಿ ವಿಮರ್ಶೆ ಇತ್ತು. ಜೆರಿ ತಂಡ ಬಿಟ್ಟದ್ದು 1998ರ ಮೇ ತಿಂಗಳಿನಲ್ಲಿ. ‘ವಿವಾ ಫಾರೆವರ್’ ಬಿಡುಗಡೆಯಾಗುವ ಹೊತ್ತಿಗೆ ಅವಳಿರಲಿಲ್ಲ, ಹಾಡಿನೊಳಗೆ ದನಿಯಿತ್ತು. ನಾಲ್ವರೇ ಹಾಡಿದ ‘ಗುಡ್‌ಬೈ’ ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದು, ತಂಡಕ್ಕೆ ಸತತ ಮೂರನೆಯ ಕ್ರಿಸ್‌ಮಸ್‌ನಲ್ಲೂ ಮೊದಲ ಸ್ಥಾನ ತಂದುಕೊಟ್ಟಿತು. ‘ಹಾಲರ್’ ಮತ್ತು ‘ಲೆಟ್ ಲವ್ ಲೀಡ್ ದ ವೇ’ ಒಂದೇ ಸಿಂಗಲ್ ಆಗಿ ಬಂದದ್ದು 2000ದಲ್ಲಿ. ಸಂಕಲನ ಹೆಚ್ಚುಕಡಿಮೆ ಕಾಲಕ್ರಮದಲ್ಲಿಯೇ ಸಾಗುತ್ತದೆ. ಹಾಗಿದ್ದರೆ ‘ಗುಡ್‌ಬೈ’ ಹನ್ನೊಂದನೆಯದಾಗಬೇಕಿತ್ತು. ಅದನ್ನು ಕಿತ್ತು, ಐವರೂ ಸೇರಿ ಹಾಡಿದ ಹೊಸ ಹಾಡು ಎರಡನ್ನೂ ದಾಟಿಸಿ, ಬಾಗಿಲ ಬಳಿ ನಿಲ್ಲಿಸಿದ್ದಾರೆ. ಐವರೂ ಮತ್ತೆ ಸೇರಿದರೆಂದು ಸಂಭ್ರಮಿಸುವ ಸಿಡಿ, ಒಬ್ಬಳು ಬಿಟ್ಟುಹೋದ ಮೇಲೆ ಉಳಿದವರು ಹಾಡಿದ ಹಾಡಿನಿಂದ ಮುಗಿಯುತ್ತದೆ. ಹೆಸರಿನಲ್ಲಿ ವಿದಾಯ ಇದೆಯೆಂಬ ಒಂದೇ ಕಾರಣಕ್ಕೆ. ಮದುವೆಮನೆಯ ಮಂಗಳಾರತಿಗೆ ವಿರಹದ ಪದ ಹಾಡಿದಂತಾಯಿತು.

ಇದನ್ನು ಹಿಡಿದೇ ಮೂರನೆಯ ಕರಡು ಬರೆದೆ. ‘ಸಂಕಲನಕಾರರು ಇತಿಹಾಸವನ್ನು ತಿರುಚಿದ್ದಾರೆ’ ಎಂಬ ಗಡುಸಾದ ವಾಕ್ಯವೂ ಇತ್ತು. ಸಂಪಾದಕರಿಗೆ ಕೊಡುವ ಮುನ್ನ, ಅಟ್ಟದ ಪಾಠ ನೆನಪಾಗಿ, ಗೆಳೆಯನ ಮನೆಯಿಂದ 2000ದ ‘ಫಾರೆವರ್’ ಆಲ್ಬಮ್ ತರಿಸಿ ನೋಡಿದೆ. ಹನ್ನೊಂದು ಹಾಡು, ಹನ್ನೊಂದನೆಯದು ‘ಗುಡ್‌ಬೈ’. ಎರಡು ವರ್ಷ ಹಳೆಯದಾಗಿದ್ದ ಹಾಡನ್ನು ಆಗಲೇ ಕೊನೆಗೆ ಕೂರಿಸಿದ್ದರು. ಹೊಸ ಕುಚೇಷ್ಟೆ ಅಲ್ಲ, ಹಳೆಯ ಚಟ. ಗಡುಸಾದ ವಾಕ್ಯ ಹೋಯಿತು. ಅದರ ಜಾಗದಲ್ಲಿ, ಈ ತಂಡ ಎರಡನೆಯ ಬಾರಿ ಅದೇ ಬಾಗಿಲಿನಿಂದ ಹೊರಗೆ ಹೋಗುತ್ತಿದೆ ಎಂದು ಬರೆದೆ. ಮೊದಲನೆಯ ಬಾರಿ ನಾಲ್ವರಿಗೆ ಆ ಹಾಡು ಹೊಂದಿತ್ತು, ಈ ಬಾರಿ ಐವರಿಗೆ ಹೊಂದುವುದಿಲ್ಲ.

ಯಾವ ಹಾಡು ಬಿಟ್ಟಿದ್ದಾರೆ ಎಂಬುದು ಸಂಕಲನದ ವಿಮರ್ಶೆಯಲ್ಲಿ ಸಾಮಾನ್ಯವಾಗಿ ದೊಡ್ಡ ಜಗಳ. ಇಲ್ಲಿ ಅದಕ್ಕೆ ಅವಕಾಶವೇ ಇರಲಿಲ್ಲ. ಅದುವರೆಗೆ ಬ್ರಿಟನ್ನಿನಲ್ಲಿ ಬಿಟ್ಟಿದ್ದ ಹತ್ತೂ ಸಿಂಗಲ್‌ಗಳು, ಜೋಡಿಯಾಗಿ ಬಂದವನ್ನೂ ಎಣಿಸಿದರೆ ಹನ್ನೆರಡು ಹಾಡು, ಪೂರ್ತಿ ಇವೆ. ಹತ್ತರಲ್ಲಿ ಒಂಬತ್ತು ಮೊದಲ ಸ್ಥಾನಕ್ಕೆ ಹೋದವು. ‘ಸ್ಟಾಪ್’ ಮಾತ್ರ ಎರಡರಲ್ಲಿ ನಿಂತಿತು. ನನಗೆ ಕೇಳಿದರೆ ಆ ಸೋತ ಹಾಡೇ ಹದಿನೈದರಲ್ಲಿ ಚೊಕ್ಕವಾದದ್ದು. ಅರವತ್ತರ ದಶಕದ ಅಮೆರಿಕದ ಮೋಟೌನ್ ಶೈಲಿಯನ್ನು ಎಲ್ಲಿಂದ ತಂದೆವೆಂದು ಮುಚ್ಚಿಡದೆ, ಗುಲಗಂಜಿಯಷ್ಟೂ ಹೆಚ್ಚು ಮಾಡದೆ ಮುಗಿಸುತ್ತದೆ. ಸೇರಬಾರದಿದ್ದದ್ದು ‘ಮೂವ್ ಓವರ್’. ಪೆಪ್ಸಿಯ ಜಾಹೀರಾತಿಗಾಗಿ ಹುಟ್ಟಿದ ಹಾಡು, ಆರನೆಯದಾಗಿ ಬಂದು ಓಟವನ್ನು ಕೆಡಿಸುತ್ತದೆ.

ಹೊಸ ಎರಡು ಹಾಡುಗಳನ್ನು ಅಳೆಯಲು ಬೇರೆ ಉಪಾಯ ಮಾಡಿದೆ. ಹದಿಮೂರನೆಯದಾಗಿ ಕೇಳಿದಾಗ ‘ಹೆಡ್‌ಲೈನ್ಸ್’ ತೀರಾ ಬಡವಾಗಿ ಕಂಡಿತು, ಆದರೆ ಅಷ್ಟೊಂದು ಹಿಟ್ ಹಾಡುಗಳ ನಂತರ ಯಾವ ಹಾಡು ತಾನೇ ನಿಲ್ಲುತ್ತದೆ? ಹಾಗಾಗಿ ಸಿಡಿಯ ಕ್ರಮ ಬಿಟ್ಟು, ‘ಟು ಬಿಕಮ್ ಒನ್’ ಆದ ಮೇಲೆ ಅದನ್ನು ಹಾಕಿದೆ. ಹಾಗೆ ಕೇಳಿದಾಗ ದನಿಗಳು ಕೆಟ್ಟಿಲ್ಲ, ಪಳಗಿವೆ ಎಂದು ತಿಳಿಯಿತು. ಬರೆದವರಲ್ಲಿ, ತಂಡದ ಜೊತೆ ‘ವಾನಾಬಿ’ ಬರೆದ ಅದೇ ಸ್ಟ್ಯಾನರ್ಡ್ ಮತ್ತು ರೋ ಇದ್ದಾರೆ. ಕೊರತೆ ಬೇರೆಯದು: ಹಾಡು ತಾನೇ ಒಂದು ಸುದ್ದಿ ಎಂದುಕೊಂಡಿದೆ. ನಾವು ಮತ್ತೆ ಬಂದೆವು ಎಂದು ಹೇಳುವುದರಲ್ಲೇ ಮೂರೂವರೆ ನಿಮಿಷ ಕಳೆದುಹೋಗುತ್ತದೆ. ಮಕ್ಕಳ ನೆರವಿನ ಬಿಬಿಸಿ ಅಭಿಯಾನದ ಹಾಡಾಗಿದ್ದರೂ ಬ್ರಿಟನ್ನಿನಲ್ಲಿ ಹನ್ನೊಂದನೆಯ ಸ್ಥಾನದಿಂದ ಮೇಲೇರಲಿಲ್ಲ. ಈ ತಂಡದ ಹಾಡು ಮೊದಲ ಹತ್ತರ ಹೊರಗೆ ಉಳಿದದ್ದು ಅದೇ ಮೊದಲು. ‘ವೂಡೂ’ ಚೆನ್ನಾಗಿದೆ. ಅದಕ್ಕೆ ಯಾವ ಘೋಷಣೆಯ ಹೊಣೆಯೂ ಇಲ್ಲದ್ದರಿಂದ ಇರಬೇಕು.

ನಾನು ಕೊಟ್ಟದ್ದು 640 ಪದ, ಅಚ್ಚಾದದ್ದು 390. ಲೆಕ್ಕದ ಪುಸ್ತಕದ ವಿವರವೆಲ್ಲ ಹೋಗಿ ಅದರ ಫಲ ಮಾತ್ರ ಉಳಿಯಿತು, ಅದು ನ್ಯಾಯವೇ. ‘ಸ್ಟಾಪ್’ ಹೊಗಳಿಕೆ ಉಳಿಯಿತು. ಕೊನೆಯ ಹಾಡಿನ ಪ್ಯಾರಾ ಪೂರ್ತಿ ಉಳಿಯಿತು. ಆದರೆ ಪುಟ ಕಟ್ಟುವವರು ತರಾತುರಿಯಲ್ಲಿ ಎಲ್ಲಿಂದಲೋ ಒಂದು ಫೋಟೋ ಎತ್ತಿ ಹಾಕಿದ್ದರು. ಭಾನುವಾರ ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ, ‘ಮತ್ತೆ ಒಂದಾದ ಐವರು’ ಎಂಬ ಅಡಿಬರಹದ ಮೇಲೆ ನಾಲ್ವರು ನಿಂತಿದ್ದಾರೆ. ಮೂವರು ಓದುಗರು ಫೋನ್ ಮಾಡಿ ಐದನೆಯವಳೆಲ್ಲಿ ಎಂದು ಕೇಳಿದರು. ವಿಮರ್ಶೆಯ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ಸಿಡಿ ಹಿಂತಿರುಗಿಸಲು ಜಯನಗರಕ್ಕೆ ಹೋದೆ. ಸಹೋದ್ಯೋಗಿಯ ತಂಗಿ ಪೆಟ್ಟಿಗೆ ಕಟ್ಟುತ್ತಿದ್ದಳು. ವಿಮರ್ಶೆ ಓದಿದ್ದಳು. ಕೊನೆಯ ಹಾಡಿನ ಬಗ್ಗೆ ಅಷ್ಟೊಂದು ಏಕೆ ತಲೆ ಕೆಡಿಸಿಕೊಂಡಿರಿ ಎಂದು ಕೇಳಿದಳು. ಕೊಂಡು ಒಂದು ತಿಂಗಳಾಗಿದ್ದರೂ ಅವಳು ಅಲ್ಲಿಯವರೆಗೆ ಒಮ್ಮೆಯೂ ಹೋಗಿರಲಿಲ್ಲವಂತೆ. ‘ವಿವಾ ಫಾರೆವರ್ ಮುಗಿದ ತಕ್ಷಣ ನಿಲ್ಲಿಸಿ ಮತ್ತೆ ಮೊದಲಿನಿಂದ ಹಾಕುತ್ತೇನೆ’ ಎಂದಳು. ‘ನನ್ನ ಸಿಡಿಯಲ್ಲಿ ಇರುವುದು ಹತ್ತೇ ಹಾಡು.’